ಬಗ್ಗಿಯ ಹಿಂದಿನ ಆಕ್ಸಲ್ ಆಯಿಲ್: ಮೇಲಿಂದ ಎಳೆಯುವುದೋ, ಕೆಳಗಿಂದ ಇಳಿಸುವುದೋ?

ಗೋಕರ್ಣದ ಹತ್ತಿರ ಒಂದು ರೆಸಾರ್ಟ್‌ನಲ್ಲಿ ನಾಲ್ಕು ಬಗ್ಗಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲವೂ ಬ್ಯಾಟರಿ ಗಾಡಿ. ಗುಡ್ಡದ ಮೇಲಿನ ಗೇಟಿನಿಂದ ಕಡಲ ಬದಿಯ ಕಾಟೇಜ್ ತನಕ ದಿನಕ್ಕೆ ಹತ್ತಾರು ಸಲ ಹತ್ತಿ ಇಳಿಯುತ್ತವೆ. ಬ್ಯಾಟರಿಗೆ ನೀರು ಹಾಕುವುದು ಎಲ್ಲರಿಗೂ ನೆನಪಿರುತ್ತದೆ. ಹಿಂದಿನ ಆಕ್ಸಲ್‌ನಲ್ಲೂ, ಅಂದರೆ ಚಕ್ರ ತಿರುಗಿಸುವ ಗೇರ್ ಇರುವ ಅಚ್ಚಿನಲ್ಲೂ, ಆಯಿಲ್ ಇದೆ ಅನ್ನುವುದು ಸದ್ದು ಬಂದ ಮೇಲೇ ನೆನಪಾಗುವುದು.

ಈ ಸಲ ಮಳೆಗಾಲಕ್ಕೆ ಮೊದಲು ಕ್ಲಬ್ ಕಾರ್ ಕಂಪನಿಯ ಎರಡು ಗಾಡಿಗಳ ಆಯಿಲ್ ಬದಲಿಸಿದೆ. ಬೇಕಂತಲೇ ಬೇರೆ ಬೇರೆ ರೀತಿಯಲ್ಲಿ.

ಮೊದಲನೆಯದಕ್ಕೆ ಸಿರಿಂಜ್. 100 ಮಿಲಿಯ ದೊಡ್ಡ ಸಿರಿಂಜ್ ತಂದು, ತುದಿಗೆ ತೋಟದ ಡ್ರಿಪ್‌ನ ಸಣ್ಣ ಪೈಪ್ ಸಿಕ್ಕಿಸಿ, ಲೆವೆಲ್ ಬೋಲ್ಟಿನ (ಆಯಿಲ್ ಮಟ್ಟ ನೋಡಲು, ತುಂಬಲು ಇರುವ ಮೇಲಿನ ಬೋಲ್ಟ್) ತೂತಿನಿಂದ ಒಳಗೆ ಬಿಟ್ಟು ಎಳೆದೆ. ಕೈಗೆ ಮಸಿ ಇಲ್ಲ, ನೆಲಕ್ಕೆ ಒಂದು ಹನಿ ಬೀಳಲಿಲ್ಲ. ಆದರೆ ಈ ಗಾಡಿಗೆ ಹಿಡಿಯುವುದು ಸುಮಾರು 650 ಮಿಲಿ, ಬಂದಿದ್ದು 500ರ ಹತ್ತಿರ. ಉಳಿದಿದ್ದು ತಳದಲ್ಲೇ ಕೂತಿತು. ತಳದಲ್ಲಿ ಕೂರುವುದು ಏನು ಹೇಳಿ? ಕಬ್ಬಿಣದ ಪುಡಿ, ಮತ್ತೆ ನೀರು.

ಎರಡನೆಯದನ್ನು ಕೆಳಗಿನ ಡ್ರೇನ್ ಬೋಲ್ಟ್ ಬಿಚ್ಚಿ ಇಳಿಸಿದೆ. ಬೆಳಿಗ್ಗೆ ಗಾಡಿ ಅಲುಗಾಡಿಸುವ ಮೊದಲೇ ಬೋಲ್ಟನ್ನು ಸ್ವಲ್ಪ ಸಡಿಲ ಮಾಡಿದ್ದೆ. ಕೆಳಗೆ ಬಟ್ಟಲು ಹಿಡಿದಿದ್ದ ಹುಡುಗ "ಅಣ್ಣ, ಇದು ಆಯಿಲ್ ಅಲ್ಲ, ನೀರು" ಅಂದ. ಹೌದು, ಮೊದಲು ನಾಲ್ಕೈದು ಹನಿ ಬರೀ ನೀರು, ಆಮೇಲೆ ಹಾಲು ಹಾಕಿದ ಚಹಾದ ಬಣ್ಣದ ಆಯಿಲ್. ನೀರು ಭಾರ ಅಲ್ವಾ, ರಾತ್ರಿಯಿಡೀ ನಿಂತರೆ ಕೆಳಗಿಳಿಯುತ್ತದೆ. ಓಡಿ ಬಿಸಿಯಾದ ಆಕ್ಸಲ್ ಮಳೆನೀರಿನ ಗುಂಡಿಗೆ ಇಳಿದಾಗ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಆಗ ಬ್ರೀದರ್‌ನಿಂದಲೋ (ಗಾಳಿ ಆಡಲು ಇರುವ ಸಣ್ಣ ತೂತು) ಸವೆದ ಸೀಲ್‌ನಿಂದಲೋ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿ ಮಳೆಯಲ್ಲಿ ಇದು ಎಲ್ಲ ಗಾಡಿಗೂ ಆಗಬಹುದಾದ್ದೇ.

ನೀರು ನೋಡಿದ ಮೇಲೆ ಬೋಲ್ಟ್ ಬಿಗಿ ಮಾಡಿ, ಒಂದು ಸುತ್ತು ಓಡಿಸಿ ಬಂದು, ಬಿಸಿ ಇರುವಾಗ ಪೂರ್ತಿ ಇಳಿಸಿದೆ. ಬೆಚ್ಚಗಿದ್ದರೆ ಪುಡಿಯೂ ಆಯಿಲ್ ಜೊತೆಗೇ ಹರಿದು ಬರುತ್ತದೆ. ಬೆರಳ ಮೇಲೆ ಉಜ್ಜಿ ನೋಡಿದೆ. ನುಣ್ಣಗೆ, ಬೂದುಬಣ್ಣದ ಪೇಸ್ಟ್ ಹಾಗಿತ್ತು. ಅಷ್ಟಿದ್ದರೆ ಸವೆತ ಅಷ್ಟೇ. ಚೂರು ಚೂರು ಸಿಕ್ಕಿದ್ದರೆ ಆಕ್ಸಲ್‌ನ ಹೌಸಿಂಗ್ (ಹೊರಕವಚ) ಬಿಚ್ಚಲೇಬೇಕಿತ್ತು.

ಇದರಲ್ಲಿ ಕಷ್ಟ ಇಲ್ಲ ಅಂತಲ್ಲ. ಉಪ್ಪುಗಾಳಿಗೆ ಬೋಲ್ಟ್ ಕಚ್ಚಿಕೊಂಡಿರುತ್ತದೆ. ಅದಕ್ಕೇ ಮೇಲಿನ ಬೋಲ್ಟ್ ಬಿಚ್ಚಿದ ಮೇಲೆಯೇ ಕೆಳಗಿನದಕ್ಕೆ ಸ್ಪ್ಯಾನರ್ ಹಾಕಿ. ಹೋದ ವರ್ಷ ನಾನು ಉಲ್ಟಾ ಮಾಡಿದ್ದೆ. ಆಯಿಲ್ ಪೂರ್ತಿ ಇಳಿದಿತ್ತು, ಮೇಲಿನ ಬೋಲ್ಟಿನ ತಲೆ ಸವೆದು ದುಂಡಗಾಯಿತು, ಹೊಸ ಆಯಿಲ್ ತುಂಬಲು ದಾರಿಯೇ ಇಲ್ಲದೆ ಗಾಡಿ ಎರಡು ದಿನ ನಿಂತಿತು. ಇನ್ನೊಂದು, ಜಾಕ್ ಕೊಟ್ಟು ಚಿರೆಕಲ್ಲು ಇಟ್ಟು ಕೆಳಗೆ ಮಲಗಬೇಡಿ. ಚಿರೆಕಲ್ಲು ಪುಡಿಯಾಗುತ್ತದೆ. ಕಬ್ಬಿಣದ ಸ್ಟ್ಯಾಂಡೇ ಬೇಕು.

ಕೆಳಗೆ ಬೋಲ್ಟೇ ಇಲ್ಲದ ಗಾಡಿಗಳೂ ಇವೆ. ಅವಕ್ಕೆ ಸಿರಿಂಜ್ ಬಿಟ್ಟು ಬೇರೆ ಸುಲಭದ ದಾರಿ ಇಲ್ಲ. ಬೋಲ್ಟ್ ಇದ್ದರೆ ನಾನಂತೂ ಕೆಳಗಿಂದಲೇ ಇಳಿಸುವವನು. ತುಂಬುವುದಕ್ಕೆ ಮಾತ್ರ ಸಿರಿಂಜೇ ವಾಸಿ, ತೂತು ಬದಿಯಲ್ಲಿರುವುದರಿಂದ ಬಾಟಲಿಯಿಂದ ಸುರಿದರೆ ಅರ್ಧ ನೆಲಕ್ಕೆ. ಗಾಡಿ ಮಟ್ಟವಾಗಿ ನಿಂತಿರಬೇಕು. ತೂತಿನ ಕೆಳ ಅಂಚಿಗೆ ಬಂದು ಹೊರಗೆ ಜಿನುಗಿದಾಗ ನಿಲ್ಲಿಸಿ. ಹಿಂದಿನ ಚಕ್ರ ಮಾತ್ರ ಎತ್ತಿ ತುಂಬಿದರೆ ಅಳತೆ ತಪ್ಪುತ್ತದೆ. ಜಾಸ್ತಿಯಾದರೆ ಸೀಲ್ ದಾಟಿ ಬ್ರೇಕ್ ಶೂ ಮೇಲೆ ಬರುತ್ತದೆ, ನಮ್ಮ ಇಳಿಜಾರಿನಲ್ಲಿ ಅದು ಸಣ್ಣ ಮಾತಲ್ಲ.

ಇನ್ನು ಯಾವ ಆಯಿಲ್? ಗ್ಯಾರೇಜಿನಲ್ಲಿ ಕೇಳಿದರೆ ಎಲ್ಲರೂ "90 ನಂಬರ್ ಹಾಕಿ" ಅನ್ನುತ್ತಾರೆ, ಅಂದರೆ ಗೇರ್ ಆಯಿಲ್. ಯಮಹಾ ಬ್ಯಾಟರಿ ಗಾಡಿಗೆ ಅದು ಸರಿ. ಕ್ಲಬ್ ಕಾರ್, ಈ-ಝೀ-ಗೋ ಬ್ಯಾಟರಿ ಗಾಡಿಗಳಿಗೆ ಹೇಳಿರುವುದು ಎಸ್‌ಎಇ 30, ಅಂದರೆ ಇಂಜಿನ್ ಆಯಿಲ್. ಅಂಗಡಿಗಳಲ್ಲಿ 20ಡಬ್ಲ್ಯು-40 ಎಲ್ಲಿ ಬೇಕಾದರೂ ಸಿಗುತ್ತದೆ, ಬರೀ 30 ಹುಡುಕಬೇಕು. ಹಾಗಾಗಿ ಮೂರನೇ ಗಾಡಿಗೆ ಮೊದಲೊಮ್ಮೆ 90 ಹಾಕಿ ಓಡಿಸಿದ್ದೆ. 90 ಅಂದರೆ 30ರ ಮೂರು ಪಟ್ಟು ದಪ್ಪ ಅಲ್ಲ, ಎರಡರ ಅಳತೆಯೇ ಬೇರೆ. 100 ಡಿಗ್ರಿಯಲ್ಲಿ 30ರದ್ದು 9.3ರಿಂದ 12.5 ಸೆಂಟಿಸ್ಟೋಕ್ಸ್ (ಆಯಿಲ್ ಎಷ್ಟು ದಪ್ಪ ಅನ್ನುವ ಅಳತೆ), 90ರದ್ದು 13.5ರಿಂದ 18.5. ಹಳೇ ಗಾಡಿಯ ಗುಂಯ್ ಸದ್ದು ಸ್ವಲ್ಪ ತಗ್ಗಿತು, ಗಂಧಕದ ವಾಸನೆ ಕೈಯಿಂದ ಹೋಗಲು ಎರಡು ದಿನ ಬೇಕಾಯಿತು, ಬ್ಯಾಟರಿ ಬೇಗ ಇಳಿದಂತೆ ನನಗೆ ಕಾಣಲಿಲ್ಲ. ಆದರೂ ಈಗ 30ಕ್ಕೇ ವಾಪಸ್ ಬಂದಿದ್ದೇನೆ. ಸದ್ದು ಅಡಗಿದರೆ ಸವೆತ ನಿಂತಿತು ಅಂತಲ್ಲ, ನನಗೆ ಆ ಸದ್ದು ಕೇಳಬೇಕು.

ಹಳೇ ಆಯಿಲ್ ಡಬ್ಬ ತುಂಬಿಸಿ ಗ್ಯಾರೇಜಿಗೆ ಕೊಡಿ, ಮರಳಿಗೆ ಸುರಿಯಬೇಡಿ.

ನೀರು ಸಿಕ್ಕ ಗಾಡಿಯ ಎಡ ಚಕ್ರದ ಒಳಬದಿ ಒದ್ದೆ ಇದೆ. ಈ ವಾರ ಕುಮಟೆಗೆ ಹೋಗಿ ಎರಡು ಆಯಿಲ್ ಸೀಲ್ ತರಬೇಕು.