ಸೀಮೋರ್ ಡಂಕನ್ ಜೆಬಿ ಪಿಕಪ್: ನಾನೇ ಬೆಸೆದು ಕೂರಿಸಿದ್ದು

ಡಿಸ್ಟಾರ್ಷನ್ ಹಾಕಿದರೆ ಸಾಕು, ನನ್ನ ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ, ಬ್ರಿಜ್ ಬಳಿಯ ಪಿಕಪ್‌ನಲ್ಲಿ ಸ್ವರವೆಲ್ಲ ಕಲಸುಮೇಲೋಗರ. ಅದನ್ನು ಕಿತ್ತು ಸೀಮೋರ್ ಡಂಕನ್ ಕಂಪನಿಯ ಜೆಬಿ, ಅಂದರೆ ಎಸ್‌ಎಚ್-4, ಹಾಕಿದೆ. ರಿಪೇರಿಯವನಿಗೆ ಕೊಡಲಿಲ್ಲ. ಕೂಲಿ ಉಳಿಸೋಕಲ್ಲ, ಒಳಗೇನಿದೆ ಅಂತ ನೋಡುವ ಚಪಲ.

ವೈರಿನ ಬಣ್ಣ ನೋಡಿ ಹೆದರಬೇಡಿ. ಡಂಕನ್‌ನಲ್ಲಿ ಕಪ್ಪು ಹಾಟ್, ಅಂದರೆ ಸಿಗ್ನಲ್ ಒಯ್ಯುವ ವೈರು. ಹಸಿರೂ ಬರಿ ತಂತಿಯೂ ಅರ್ಥಿಂಗ್‌ಗೆ. ಕೆಂಪು, ಬಿಳಿ ಎರಡನ್ನೂ ಒಟ್ಟಿಗೆ ಬೆಸೆದು ಟೇಪ್ ಸುತ್ತಿದರೆ ಮುಗೀತು. ಡಿಮಾರ್ಜಿಯೊ ಕಂಪನಿಯ ಪಿಕಪ್ ಕೊಂಡವರು ಇದನ್ನೇ ನಂಬಬೇಡಿ, ಅದರಲ್ಲಿ ಕೆಂಪು ಹಾಟ್.

ನಿಜವಾದ ಪೀಕಲಾಟ ಅಂದರೆ ವಾಲ್ಯೂಮ್ ಗುಂಡಿಯ ಕೆಳಗಿರುವ, ತಿರುಗಿಸಿದಂತೆ ಬದಲಾಗುವ ರೆಸಿಸ್ಟರ್, ಅಂದರೆ ಪಾಟ್‌ನ ಬೆನ್ನಿಗೆ ಅರ್ಥ್ ಬೆಸೆಯೋದು. ಆ ಲೋಹದ ಡಬ್ಬಿ ಬಿಸಿಯನ್ನೆಲ್ಲ ಕುಡಿದುಬಿಡುತ್ತೆ. 25 ವ್ಯಾಟ್ ಸೋಲ್ಡರಿಂಗ್ ಐರನ್ ಅಲ್ಲಿ ಒದ್ದಾಡಿತು. ಬೆನ್ನನ್ನು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ 60 ವ್ಯಾಟಿನದರ ಚಪ್ಪಟೆ ತುದಿ ಒತ್ತಿದೆ ನೋಡಿ, ಸೋಲ್ಡರ್ ಫಳಫಳ ಹೊಳೆಯುತ್ತ ಹರಡಿಕೊಂಡಿತು! ಗಿಟಾರಿಗೆ ನುಡಿಸುವ ತಂತಿ ಏರಿಸುವ ಮೊದಲೇ ಆಂಪ್‌ಗೆ ಸಿಕ್ಕಿಸಿ, ಸ್ಕ್ರೂಡ್ರೈವರಿನಿಂದ ಪಿಕಪ್ ತಲೆ ಮೇಲೆ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಟಕ್ ಅಂದರೆ ಸಂಪರ್ಕ ಸರಿ ಇದೆ.

ಸದ್ದು ಹೇಗೆ? ಮಿಡ್, ಅಂದರೆ ಮಧ್ಯದ ಸ್ವರಗಳು, ಮುನ್ನುಗ್ಗುತ್ತೆ, ಸೋಲೋ ಡ್ರಮ್ಸ್ ಗದ್ದಲವನ್ನೂ ಸೀಳಿಕೊಂಡು ಬರುತ್ತೆ. ಕ್ಲೀನ್‌ನಲ್ಲಿ, ಅಂದರೆ ಡಿಸ್ಟಾರ್ಷನ್ ಇಲ್ಲದಾಗ, ಮಾತ್ರ ಒರಟು, ವಾಲ್ಯೂಮ್ ಕೊಂಚ ಇಳಿಸಲೇಬೇಕು. ನಾನು 500ಕೆ (ಕಿಲೋಓಮ್) ಪಾಟ್ ಹಾಗೇ ಬಿಟ್ಟಿದ್ದೇನೆ. ಕಿವಿಗೆ ಚುಚ್ಚಿದರೆ 250ಕೆ ಹಾಕಿ, ಮೊನಚು ತಗ್ಗುತ್ತೆ. ಬರೀ ಜಾಝ್ ನುಡಿಸೋರು ಈ ದುಡ್ಡನ್ನು ಬೇರೆ ಪಿಕಪ್‌ಗೆ ಇಟ್ಟುಕೊಳ್ಳಿ.