ಥಾರ್ ಗಾಡಿಗೆ ಹೊಸ ಸಸ್ಪೆನ್ಷನ್: ಮೈಸೂರಿನ ಅಂಗಡಿಯೊಂದರ ಕೆಲಸ ಮಳೆಗಾಲ ಕಳೆದ ಮೇಲೆ ಹೇಗಿದೆ

ಕೊಡಗಿನಲ್ಲಿ ಜೀಪಿನ ಕೆಲಸ ಬಲ್ಲ ಮೆಕ್ಯಾನಿಕ್‌ಗಳಿಗೆ ಬರವಿಲ್ಲ. ಹಳೆಯ ಗಾಡಿಯ ಲೀಫ್ ಸ್ಪ್ರಿಂಗ್ ಪ್ಲೇಟು ಮುರಿದರೆ ಗೋಣಿಕೊಪ್ಪದಲ್ಲೋ ಸೋಮವಾರಪೇಟೆಯಲ್ಲೋ ಸಲೀಸಾಗಿ ಬದಲಾಯಿಸಿಕೊಳ್ಳಬಹುದು. ಆದರೆ 2020ರಲ್ಲಿ ಬಂದ ಥಾರ್‌ಗೆ ಮುಂದೆ ಡಬಲ್ ವಿಶ್‌ಬೋನ್ (ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ಆರ್ಮ್, ಅಂದರೆ ತೋಳು), ಹಿಂದೆ ಕಾಯಿಲ್ ಸ್ಪ್ರಿಂಗ್ ಇರುವುದರಿಂದ, ಅದರ ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್‌ಗಳನ್ನು ಹೊರಗಿನ ಕಂಪನಿಯವುಗಳಿಗೆ ಬದಲಾಯಿಸುವಾಗ ಅನುಭವದ ಜೊತೆಗೆ ಸರಿಯಾದ ಸಲಕರಣೆಯೂ ಬೇಕಾಗುತ್ತದೆ. ಹಾಗಾಗಿ ನಾನು ಮೈಸೂರಿನ ಅಂಗಡಿಯೊಂದನ್ನು ಆರಿಸಿಕೊಂಡೆ.

ದರ ಕೇಳುವ ಮೊದಲು ಎಲ್ಲ ಕಡೆಯೂ ನಾನು ಕೇಳಿದ್ದು, ಆರ್ಮ್‌ಗಳ ಬೋಲ್ಟನ್ನು ಕೊನೆಯ ಬಿಗಿ ಯಾವಾಗ ಬಿಗಿಯುತ್ತೀರಿ ಎಂಬುದನ್ನು. ಆರ್ಮ್ ಕೂರುವ ಕೀಲಿನಲ್ಲಿರುವ ಬುಷ್‌ನ ರಬ್ಬರು ಒಳಗಿನ ಲೋಹದ ಕೊಳವೆಗೆ ಅಂಟಿಕೊಂಡಿರುತ್ತದೆ. ಚಕ್ರ ಗಾಳಿಯಲ್ಲಿ ಜೋತಾಡುತ್ತಿರುವಾಗಲೇ ಬೋಲ್ಟ್ ಬಿಗಿದರೆ, ಗಾಡಿ ನೆಲಕ್ಕಿಳಿದ ಮೇಲೆ ಆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಒಂದು ಅಂಗಡಿಯವರು ಈ ಪ್ರಶ್ನೆಗೆ ನಕ್ಕು, ಇಂಪ್ಯಾಕ್ಟ್ ಗನ್ (ಬೋಲ್ಟನ್ನು ಬಡಿದು ತಿರುಗಿಸುವ ಯಂತ್ರ) ಇದೆಯಲ್ಲ ಸಾರ್ ಎಂದರು. ಮೈಸೂರಿನ ಈ ಅಂಗಡಿಯವರು ಮಾತ್ರ ಗಾಡಿಯ ಭಾರ ಚಕ್ರಗಳ ಮೇಲೆ ಬಿದ್ದ ಮೇಲೆ, ಅಡಿಯಲ್ಲಿ ಮಲಗಿ ಬಿಗಿ ಎಷ್ಟೆಂದು ಅಳೆಯುವ ಟಾರ್ಕ್ ರೆಂಚ್‌ನಿಂದ ಬಿಗಿದು, ಪ್ರತಿ ಬೋಲ್ಟಿನ ತಲೆಗೂ ಹಳದಿ ಬಣ್ಣದ ಗೆರೆ ಎಳೆದರು. ಗೆರೆ ತಪ್ಪಿದ್ದರೆ ಬೋಲ್ಟು ಸಡಿಲವಾಗಿದೆ ಎಂದು ಯಾರು ಬೇಕಾದರೂ ಬಗ್ಗಿ ನೋಡಿ ಹೇಳಬಹುದು.

ಹೊಸ ಸ್ಪ್ರಿಂಗ್‌ನಿಂದ ಗಾಡಿಯ ಎತ್ತರ ಹೆಚ್ಚಿದಾಗ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ), ಕ್ಯಾಸ್ಟರ್ (ಸ್ಟೀರಿಂಗ್ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲುವ ಕೋನ) ಎರಡೂ ಬದಲಾಗುವುದರಿಂದ ಅಲೈನ್‌ಮೆಂಟನ್ನು ಅಲ್ಲೇ ಮಾಡಿ, ಹಿಂದಿನ ಮತ್ತು ನಂತರದ ಅಳತೆಯ ಚೀಟಿ ಕೊಟ್ಟರು. ಚಕ್ರ ಪೂರ್ತಿ ಇಳಿದಾಗ ಬ್ರೇಕ್ ಹೋಸ್ (ಬ್ರೇಕ್ ದ್ರವದ ಕೊಳವೆ) ಎಳೆದಂತಾಗುತ್ತದೆಯೇ ಎಂದು ನೋಡಿದರು, ಹೆಡ್‌ಲೈಟನ್ನೂ ತಗ್ಗಿಸಿದರು. ಸಂಪಾಜೆ ಘಾಟಿಯ ಮಂಜಿನಲ್ಲಿ ಎದುರು ಬರುವವರಿಗೆ ಇದರ ಬೆಲೆ ಗೊತ್ತು! ನಾನು ಇನ್ನೂ ಎತ್ತರ ಕೇಳಿದಾಗ, ಚಕ್ರಕ್ಕೆ ಶಕ್ತಿ ಸಾಗಿಸುವ ಡ್ರೈವ್‌ಶಾಫ್ಟಿನ ಕೋನ ಹೆಚ್ಚಿ ಅದರ ಜಾಯಿಂಟ್ ಬೇಗ ಸವೆಯುತ್ತದೆಂದು ಅವರು ಒಪ್ಪಲಿಲ್ಲ. ವ್ಯಾಪಾರ ಬಿಟ್ಟು ಮಾತಾಡುವವರು ಅಪರೂಪ.

ಮಳೆಗಾಲವೆಲ್ಲ ತೋಟದ ಕೆಸರುದಾರಿಯಲ್ಲಿ ಓಡಾಡಿದರೂ ಟಯರು ಒಂದೇ ಸಮನಾಗಿ ಸವೆದಿದೆ, ಮುಂಭಾಗದಲ್ಲಿ ಕಟಕಟ ಸದ್ದಿಲ್ಲ. ಹಿಂದೆ ಕಾಫಿ ಚೀಲ ಹೇರಿದಾಗ ಗಾಡಿ ಕುಸಿಯುವುದಿಲ್ಲ, ಆದರೆ ಖಾಲಿ ಓಡುವಾಗ ಹಿಂದಿನ ಸೀಟಿನವರಿಗೆ ಹೊಡೆತ ಜಾಸ್ತಿ. ಮನೆಯಲ್ಲಿ ಹಿರಿಯರಿದ್ದರೆ ಮೆದು ಸ್ಪ್ರಿಂಗನ್ನೇ ಕೇಳಿ. ಸಾವಿರ ಕಿಲೋಮೀಟರಿನ ನಂತರ ಬೋಲ್ಟುಗಳನ್ನು ಮತ್ತೆ ಪರೀಕ್ಷಿಸಲು ಹಣ ತೆಗೆದುಕೊಳ್ಳಲಿಲ್ಲವಾದರೂ, ಅದಕ್ಕಾಗಿ ಮಡಿಕೇರಿಯಿಂದ ಮೈಸೂರಿಗೆ ಮತ್ತೆ ಹೋಗಬೇಕು. ಶನಿವಾರ ಅಲ್ಲಿ ವಿಪರೀತ ಜನ. ವಾರದ ನಡುವೆ, ಫೋನ್ ಮಾಡಿಯೇ ಹೊರಡಿ.