ನಾಲ್ಕೂವರೆ ವರ್ಷ ಮಗಳನ್ನು ಬಿಟ್ಟ ಡೇ ಕೇರ್: ಐದಕ್ಕೆ ಮೂರೂವರೆ

ಮೊದಲೇ ಹೇಳಿಬಿಡುತ್ತೇನೆ, ಹೆಸರು ಹಾಕುವುದಿಲ್ಲ. ಮೈಸೂರಿನ ಕುವೆಂಪುನಗರದ ಕಡೆ ಒಂದು ಮನೆಯ ಕೆಳಗಿನ ಭಾಗದಲ್ಲಿ ನಡೆಯುವ ಡೇ ಕೇರ್ ಇದು. ದೊಡ್ಡ ಬೋರ್ಡಿಲ್ಲ, ಬೇರೆ ಬ್ರಾಂಚಿಲ್ಲ. ಬೈದರೆ ಅವರ ಹೊಟ್ಟೆ ಮೇಲೆ ಹೊಡೆದ ಹಾಗೆ, ಹೊಗಳಿದರೆ ಕಮಿಷನ್ ತಗೊಂಡಿದ್ದಾಳೆ ಅಂತಾರೆ. ಆದರೆ ಮಗುವನ್ನು ಸೇರಿಸುವಾಗ ಏನು ಕೇಳಬೇಕು ಅನ್ನುವುದು ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ. ನಾವು ಕೇಳಿದ್ದು ಮೂರೇ ಪ್ರಶ್ನೆ: ಸಿಸಿಟಿವಿ ಇದೆಯಾ, ಊಟಕ್ಕೆ ಏನು ಕೊಡ್ತೀರಿ, ರೈಮ್ಸ್ ಹೇಳಿಕೊಡ್ತೀರಾ. ಮಗುವಿಗೆ ಜ್ವರ ಬಂದರೆ ಎಷ್ಟು ದಿನ ಕಳಿಸಬಾರದು, ಆ ದಿನಗಳ ಫೀಸ್ ಏನಾಗುತ್ತೆ ಅಂತ ಕೇಳಲೇ ಇಲ್ಲ.

ನಾನು ಬ್ಯಾಂಕಿನಲ್ಲಿ ಕ್ಯಾಷ್ ಕೌಂಟರ್. ನಮ್ಮ ಯಜಮಾನರದು ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ. ಅತ್ತೆ ಮಾವ ಮಂಡ್ಯದ ಹತ್ತಿರ ಹಳ್ಳಿಯಲ್ಲಿದ್ದಾರೆ. ಎರಡು ಹಸು, ಕಬ್ಬಿನ ಗದ್ದೆ ಬಿಟ್ಟು ಬಂದು ಇಲ್ಲಿ ಕೂರುವಂತಿಲ್ಲ. ಹೆರಿಗೆ ಸೌಲಭ್ಯ ಕಾನೂನಿನ 2017ರ ತಿದ್ದುಪಡಿಯ ಪುಣ್ಯದಿಂದ ಹೆರಿಗೆ ರಜೆ 26 ವಾರ ಸಿಕ್ಕಿತು. ಅದೇ ಕಾನೂನು 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು ಅಂತಲೂ ಹೇಳಿತ್ತು. ನಮ್ಮ ಶಾಖೆಯಲ್ಲಿ ಇರುವವರೇ ಒಂಬತ್ತು ಜನ!

2020ರ ಜನವರಿಯಲ್ಲಿ ಸೇರಿಸಿದಾಗ ಮಗಳಿಗೆ ಒಂದು ವರ್ಷ ಐದು ತಿಂಗಳು. ಫೀಸ್ ತಿಂಗಳಿಗೆ 4,500 ರೂಪಾಯಿ. ಮೂರು ವಾರ ಗೇಟು ಕಂಡರೆ ಅಳುತ್ತಿದ್ದವಳು ನಾಲ್ಕನೇ ವಾರ ಆಯಾ ಕಂಕುಳಿಗೆ ತಾನೇ ಹಾರಿದಳು. ಅಬ್ಬ ಅಂದುಕೊಳ್ಳುವಷ್ಟರಲ್ಲಿ ಮಾರ್ಚ್ ಬಂತು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದವು. ಇವರು ಮಾತ್ರ ನಮ್ಮಂಥವರ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ನಮ್ಮ ಮೇಲಿನ ಮನೆಯವರ ಮಗ ದುಬೈಯಿಂದ ಬಂದ. ಎಡಗೈ ಮೇಲೆ ಹೋಂ ಕ್ವಾರಂಟೈನ್ ಮುದ್ರೆ, 14 ದಿನ. ಚುನಾವಣೆಯ ಅಳಿಸದ ಶಾಯಿ ತಯಾರಾಗುವ ಊರಿನವರು ನಾವು, ಬೆರಳಿನ ಮೇಲಿನ ಗೆರೆ ನಮಗೆ ಹೊಸದಲ್ಲ. ಮುಂಗೈ ಮೇಲೆ ತಾರೀಕು ಹೊಡೆದದ್ದನ್ನು ನೋಡಿದ್ದು ಮಾತ್ರ ಅದೇ ಮೊದಲು. ಡೇ ಕೇರ್‌ಗೆ ವಿಷಯ ಗೊತ್ತಾಗಿ ನಮ್ಮನ್ನೂ 14 ದಿನ ಬರಬೇಡಿ ಅಂದರು. ನಮ್ಮ ಮೆಟ್ಟಿಲು ಬೇರೆ, ಅವರ ಮೆಟ್ಟಿಲು ಬೇರೆ ಅಂತ ವಾದ ಮಾಡಿದೆ. ಕೇಳಲಿಲ್ಲ. ಆ 14 ದಿನ ಮುಗಿಯುವ ಮೊದಲೇ ಮಾರ್ಚ್ 25ಕ್ಕೆ ದೇಶಕ್ಕೇ ಬೀಗ ಬಿತ್ತು. ನಂಜನಗೂಡಿನ ಔಷಧ ಕಾರ್ಖಾನೆಯಲ್ಲಿ ಕೊರೊನಾ ಹಬ್ಬಿದ ಸುದ್ದಿ ಬಂದ ಮೇಲಂತೂ ಮೈಸೂರು ಅಂದರೆ ಜನ ಎರಡು ಹೆಜ್ಜೆ ಹಿಂದೆ ಹೋಗುತ್ತಿದ್ದರು.

ಬ್ಯಾಂಕಿಗೆ ಮಾತ್ರ ಬೀಗ ಇಲ್ಲ. ಅದಕ್ಕೇ ಮಗಳನ್ನು ಮೊದಲೇ ಹಳ್ಳಿಗೆ ಬಿಟ್ಟು ಬಂದಿದ್ದೆವು. ಅಲ್ಲಿಂದ ಇಲ್ಲಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ ದಾರಿ. ಆದರೆ ಜಿಲ್ಲೆಯ ಗಡಿ ದಾಟಲು ಪಾಸ್ ಬೇಕಾಗಿದ್ದ ಕಾಲ ಅದು. ಎರಡು ತಿಂಗಳ ಹತ್ತಿರ ವಿಡಿಯೋ ಕಾಲ್‌ನಲ್ಲೇ ಮಗಳನ್ನು ನೋಡಿದ್ದು. ಆಮೇಲೂ ಬಹುಪಾಲು ಅಲ್ಲೇ ಬೆಳೆದಳು. ಮಾತು ಕಲಿತದ್ದೂ ಅಲ್ಲೇ. ಅಪ್ಪನಿಗೇ "ಯಾಕ್ಲಾ" ಅನ್ನುತ್ತಿದ್ದಳು.

ಆ ಕಾಲದ ಬಗ್ಗೆ ಡೇ ಕೇರ್ ಮೇಲೆ ನನಗೆ ದೂರಿಲ್ಲ. ಸೀಟು ಉಳಿಸಿಕೊಳ್ಳಲು ಮೂರು ತಿಂಗಳು ಅರ್ಧ ಫೀಸ್ ಕೇಳಿದರು, ಕೊಟ್ಟೆವು. ನಾಲ್ಕನೇ ತಿಂಗಳು ಅವರೇ ಬೇಡ ಅಂದರು. 2021ರ ಎರಡನೇ ಅಲೆಯಲ್ಲಿ ಜೂನ್ 21ಕ್ಕೆ ಬೇರೆ ಜಿಲ್ಲೆಗಳಿಗೆ ಸಡಿಲಿಕೆ ಸಿಕ್ಕರೂ ಪಾಸಿಟಿವಿಟಿ ಜಾಸ್ತಿ ಇದ್ದದ್ದರಿಂದ ಮೈಸೂರಿಗೆ ಸಿಗಲಿಲ್ಲ. ಕೊನೆಗೆ ನವೆಂಬರ್ 8ಕ್ಕೆ ಅಂಗನವಾಡಿ, ಎಲ್‌ಕೆಜಿ ತೆರೆಯಲು ಸರ್ಕಾರ ಒಪ್ಪಿತು, ಇವರೂ ಬಾಗಿಲು ತೆರೆದರು. ಫೀಸ್ 5,500 ಆಗಿತ್ತು. ಮಗಳಿಗೆ ಮೂರು ದಾಟಿತ್ತು.

ನಿಜವಾದ ಪರೀಕ್ಷೆ ಬಂದದ್ದು 2022ರ ಜನವರಿಯಲ್ಲಿ, ಓಮಿಕ್ರಾನ್ ಬಂದಾಗ.

ರಾತ್ರಿ ಒಂಬತ್ತೂವರೆಗೆ ವಾಟ್ಸಾಪ್ ಗುಂಪಿಗೆ ನಿಯಮಗಳು ಬಂದವು. ಮನೆಯಲ್ಲಿ ಯಾರಿಗೇ ಪಾಸಿಟಿವ್ ಬಂದರೂ ಮಗು ಹತ್ತು ದಿನ ಬರುವಂತಿಲ್ಲ. ಜ್ವರ 99 ದಾಟಿದರೆ ಒಂದು ಗಂಟೆಯೊಳಗೆ ಕರೆದುಕೊಂಡು ಹೋಗಬೇಕು. ವಾಪಸ್ ಬರುವಾಗ ಮಗುವಿನ ಆರ್‌ಟಿಪಿಸಿಆರ್ (ಕೊರೊನಾ ಟೆಸ್ಟ್) ನೆಗೆಟಿವ್ ತರಬೇಕು. ಆಯಾಗೆ ಬಂದರೆ ಆ ಕೋಣೆಯ ಎಲ್ಲ ಮಕ್ಕಳಿಗೂ ರಜೆ. ಕೊನೆಯ ಸಾಲು: ಯಾವ ಕಾರಣಕ್ಕೆ ರಜೆಯಾದರೂ ತಿಂಗಳ ಫೀಸ್ ಪೂರ್ತಿ.

ಇದರಲ್ಲಿ ಅರ್ಧ ಆಗಲೇ ಹಳಸಿತ್ತು. ಜನವರಿ 5ರಂದೇ ಕೇಂದ್ರದವರು ಲಕ್ಷಣ ಕಡಿಮೆ ಇದ್ದವರಿಗೆ ಮನೆಯಲ್ಲಿ ಏಳು ದಿನ ಸಾಕು, ಕೊನೆಯ ಮೂರು ದಿನ ಜ್ವರ ಇಲ್ಲದಿದ್ದರೆ ಮತ್ತೆ ಟೆಸ್ಟ್ ಬೇಡ ಅಂದಿದ್ದರು. 10ಕ್ಕೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೂಡ ಲಕ್ಷಣ ಇಲ್ಲದ, ವಯಸ್ಸು ಕಾಯಿಲೆಯ ಅಪಾಯ ಇಲ್ಲದ ಸಂಪರ್ಕಿತರಿಗೆ ಟೆಸ್ಟೇ ಬೇಡ ಅಂತ ಹೇಳಿತು. ನಾನು ಆ ಸುದ್ದಿಯ ಫೋಟೋ ಗುಂಪಿಗೆ ಹಾಕಿದೆ. ಹತ್ತು ದಿನ ಏಳಾಯಿತು, ಟೆಸ್ಟ್ ಮಾತ್ರ ಹಾಗೇ ಉಳಿಯಿತು. ಮೂರು ವರ್ಷದ ಮಗುವಿನ ಮೂಗಿಗೆ ಕಡ್ಡಿ ಹಾಕಿಸಿದವರಿಗೇ ಗೊತ್ತು ಅದೇನು ಅಂತ. ನಾನು ಕೈ ಹಿಡಿದೆ, ಅವರಪ್ಪ ತಲೆ ಹಿಡಿದರು. ಆಮೇಲೆ ಒಂದು ವಾರ ಮಾಸ್ಕ್ ಹಾಕಿದವರು ಹತ್ತಿರ ಬಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಗೇಟಿನಲ್ಲಿ ಹಣೆಗೆ ಹಿಡಿಯುವ ಗನ್ ಬಗ್ಗೆ ಒಂದು ಮಾತು. ಜನವರಿಯ ಚಳಿಯಲ್ಲಿ ಸ್ಕೂಟರಿನ ಮುಂದೆ ನಿಂತು ಗಾಳಿಗೆ ಮುಖ ಕೊಟ್ಟು ಬಂದ ಮಗುವಿನ ಹಣೆಗೆ ಹಿಡಿದರೆ ಅದು ತೋರಿಸಿದ್ದು 93.6. ಆಯಾ ಅದನ್ನೇ ರಿಜಿಸ್ಟರಿನಲ್ಲಿ ಬರೆದರು. ಹಿಂದಿನ ಸಾಲು ನೋಡಿದೆ, 94.1, 93.8, 94. ಈ ಲೆಕ್ಕದಲ್ಲಿ ಒಂದು ಮಗುವೂ ಬದುಕಿರಬಾರದು. ಕಾರಿನಲ್ಲಿ ಬಂದವರದು ಮಾತ್ರ 97. ಒಳಗೆ ಕೂರಿಸಿ ಹತ್ತು ನಿಮಿಷ ಬಿಟ್ಟು ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿ ಅಂತ ಹೇಳಿದೆ. ನಕ್ಕರು. ಆಮೇಲೆ ಅದನ್ನೇ ಮಾಡಿದರು.

ಆ ತಿಂಗಳು ನಮ್ಮ ಲೆಕ್ಕ ಹೀಗಿತ್ತು. ಯಜಮಾನರಿಗೆ ಕಾರ್ಖಾನೆಯಿಂದ ಅಂಟಿ ಬಂತು, ಏಳು ದಿನ ಹೋಯಿತು. ಆಮೇಲೆ ಆಯಾಗೆ ಬಂತು, ಕೋಣೆ ಐದು ದಿನ ಮುಚ್ಚಿತು. ಇಡೀ ತಿಂಗಳಲ್ಲಿ ಮಗಳು ಹೋದದ್ದು ಒಂಬತ್ತು ದಿನ. ಕೊಟ್ಟದ್ದು 5,500. ನನ್ನ ರಜೆ ಮುಗಿದಿತ್ತು. ಮ್ಯಾನೇಜರ್ ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ನಾನು ಒಳಗೆ ಹೋದಾಗಲೆಲ್ಲ ಮೊದಲು ಕ್ಯಾಲೆಂಡರ್ ನೋಡುತ್ತಿದ್ದರು.

ಫೆಬ್ರವರಿ 1, ಮಂಗಳವಾರ, ಪಿಂಚಣಿ ದಿನ. ಬೆಳಗ್ಗೆ ಮಗಳ ಮೈ ಸ್ವಲ್ಪ ಬಿಸಿ ಇತ್ತು. ಥರ್ಮಾಮೀಟರ್ ಕೈಗೆತ್ತಿಕೊಂಡು ಮತ್ತೆ ಡಬ್ಬಿಗೆ ಹಾಕಿದೆ. ನೋಡಿದರೆ ತಾನೇ ಗೊತ್ತಾಗುವುದು? ಏಳೂಕಾಲಿಗೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿದೆ. ಎಂಟೂವರೆಗೆ ಮೈ ತಣ್ಣಗಾಗಿತ್ತು, ನಗುತ್ತಿದ್ದಳು. ಬಿಟ್ಟು ಬಂದೆ.

ಹನ್ನೆರಡು ನಲವತ್ತಕ್ಕೆ ಫೋನ್. ಕೈಯಲ್ಲಿ ಐನೂರರ ಕಟ್ಟು, ಎದುರಿಗೆ ಪಾಸ್‌ಬುಕ್ ಹಿಡಿದ ಒಬ್ಬರು ಅಜ್ಜ, ಸಾಲು ಬಾಗಿಲಿನ ಆಚೆಗೂ ಇತ್ತು. ಕ್ಯಾಷ್ ಟ್ಯಾಲಿ ಮಾಡದೆ ಕೌಂಟರ್ ಬಿಟ್ಟು ಏಳುವಂತಿಲ್ಲ. ಹೆಡ್ ಕ್ಯಾಷಿಯರ್ ಬಂದು, ನಾನು ಎಣಿಸಿ, ಅವರು ಎಣಿಸಿ, ಸಹಿ ಹಾಕಿ ಏಳುವಾಗ ಒಂದೂ ಹತ್ತು. ಡೇ ಕೇರ್ ಮುಟ್ಟಿದಾಗ ಮಗಳು ಚಾಪೆಯ ಮೇಲೆ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು. 102.

"ಬೆಳಗ್ಗೆ ಏನಾದ್ರೂ ಔಷಧಿ ಕೊಟ್ಟಿದ್ರಾಮ್ಮ?" ಅಂತ ಡೇ ಕೇರ್ ನಡೆಸುವ ಮೇಡಂ ಕೇಳಿದರು.

"ಇಲ್ಲ ಮೇಡಂ."

"ಅಮ್ಮ ಪಿಂಕ್ ಸಿರಪ್ ಕೊಟ್ಳು," ಅಂದಳು ಮಗಳು, ಕಣ್ಣು ಮುಚ್ಚಿಕೊಂಡೇ.

ಮೇಡಂ ಬೈಯಲಿಲ್ಲ. "ನೋಡಮ್ಮ, ಬೆಳಗ್ಗೆ ಚೆನ್ನಾಗಿದ್ದು ಊಟದ ಹೊತ್ತಿಗೆ ಸರಿಯಾಗಿ ಜ್ವರ ಏರೋ ಮಕ್ಕಳನ್ನ ತುಂಬಾ ನೋಡಿದ್ದೀನಿ," ಅಂದರು ಅಷ್ಟೇ. ಆ ಸಿರಪ್ಪಿನ ಕೆಲಸ ನಾಲ್ಕರಿಂದ ಆರು ಗಂಟೆ. ಅವರಿಗೆ ಆ ಲೆಕ್ಕ ಬಾಯಿಪಾಠ.

ಎರಡು ಗಂಟೆಗೇ ಗುಂಪಿಗೆ ಸಂದೇಶ ಹೋಯಿತು: ಒಂದು ಮಗುವಿಗೆ ಜ್ವರ ಬಂದಿದೆ, ಎಲ್ಲರೂ ಎಚ್ಚರ ಇರಿ, ರಿಸಲ್ಟ್ ಬರುವವರೆಗೆ ಕೋಣೆ ಮುಚ್ಚಿರುತ್ತೆ. ಹೆಸರಿಲ್ಲ. ಗುರುವಾರ ಪಾಸಿಟಿವ್ ಅಂತ ಬಂತು. ಹನ್ನೊಂದು ಮಕ್ಕಳಿಗೆ ಮತ್ತೆ ರಜೆ, ಅಂದರೆ ಹನ್ನೊಂದು ಮನೆಗಳಲ್ಲಿ ಮತ್ತೆ ಯಾರೋ ಒಬ್ಬರ ರಜೆ. ಅದರಲ್ಲಿ ಒಂದು ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿ ಇದ್ದರು, ಅವರಿಗೂ ಬಂತು, ಹುಷಾರಾದರು. ಯಾರಿಂದ ಯಾರಿಗೆ ಬಂತು ಅಂತ ಆಗ ಯಾರು ಹೇಳಲಾಗುತ್ತಿತ್ತು? ಆದರೂ ನನಗೆ ಆ ಅಜ್ಜಿಯ ಸುದ್ದಿ ಬರುವವರೆಗೆ ಊಟ ಸೇರಲಿಲ್ಲ.

ಶನಿವಾರ ಗುಂಪಿನಲ್ಲಿ ನಾನೇ ಬರೆದೆ. ಆ ಮಗು ನಮ್ಮದು, ಸಿರಪ್ ಹಾಕಿ ಕಳಿಸಿದ್ದೆ ಅಂತ. ಒಬ್ಬರು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ, ಅವರದು ಸರಿಯೇ. ಆದರೆ ಅದೇ ರಾತ್ರಿ ಇಬ್ಬರು ಅಮ್ಮಂದಿರು ಬೇರೆ ಬೇರೆಯಾಗಿ ಮೆಸೇಜ್ ಮಾಡಿದರು. ಅವರೂ ಹೀಗೇ ಕಳಿಸಿದ್ದರಂತೆ, ಸಿಕ್ಕಿಬಿದ್ದಿರಲಿಲ್ಲ ಅಷ್ಟೇ.

ಅಲ್ಲಿಗೆ ನನಗೆ ಒಂದು ವಿಷಯ ಸ್ಪಷ್ಟವಾಯಿತು, ಈ ವಿಮರ್ಶೆಯ ಮುಖ್ಯ ದೂರೂ ಅದೇ. ಜ್ವರದ ನಿಯಮವನ್ನು ಕೆಡಿಸಿದ್ದು ಫೀಸಿನ ನಿಯಮ. ನಿಜ ಹೇಳಿದವರು ಏಳು ದಿನದ ಸಂಬಳ, ರಜೆ, ಫೀಸ್ ಎಲ್ಲ ಕಳೆದುಕೊಳ್ಳಬೇಕು. ಸಿರಪ್ ಹಾಕಿ ಕಳಿಸಿದವರಿಗೆ ಕಡಿಮೆ ಅಂದರೂ ಅರ್ಧ ದಿನ ಸಿಗುತ್ತೆ. ನನ್ನ ತಪ್ಪನ್ನು ಅವರ ತಲೆಗೆ ಕಟ್ಟುತ್ತಿಲ್ಲ. ಸುಳ್ಳು ಹೇಳಿದ್ದು ನಾನೇ, ಅದೂ ಮಗಳ ಎದುರಿಗೆ. ಆದರೆ ಹೋಗಿ ಕೂತು ಇದನ್ನೇ ಮೇಡಂಗೆ ಹೇಳಿದೆ.

ಅವರು ತಮ್ಮ ನೋಟ್‌ಬುಕ್ ತೆಗೆದು ತೋರಿಸಿದರು. ಮೊದಲು 24 ಮಕ್ಕಳಿದ್ದದ್ದು 13 ಆಗಿತ್ತು. ಮನೆ ಬಾಡಿಗೆ ಒಂದು ರೂಪಾಯಿ ಇಳಿದಿರಲಿಲ್ಲ. ಇಬ್ಬರು ಆಯಾಗಳಿಗೆ ತಲಾ 9,000. ಕ್ವಾರಂಟೈನ್ ದಿನಗಳಿಗೆ ಫೀಸ್ ಬಿಟ್ಟರೆ ಮೊದಲು ನಿಲ್ಲುವುದು ಆಯಾ ಸಂಬಳ, ಆಯಾ ಹೋದರೆ ಡೇ ಕೇರ್ ಇಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ಕಾಫಿ ಕುಡಿದು ಬಂದೆ.

ಮಾರ್ಚ್‌ನಿಂದ ಅವರೇ ಬದಲಾಯಿಸಿದರು. ಬೆಳಗ್ಗೆ ಏಳರೊಳಗೆ ಫೋನ್ ಮಾಡಿ ಜ್ವರ ಅಂತ ಹೇಳಿದರೆ, ಮಗು ಮನೆಯಲ್ಲಿದ್ದ ಅಷ್ಟೂ ದಿನಗಳ ಅರ್ಧ ಫೀಸ್ ಮುಂದಿನ ತಿಂಗಳಿಗೆ ವಜಾ. ಮಧ್ಯಾಹ್ನ ಅವರೇ ಕಂಡುಹಿಡಿದರೆ ವಜಾ ಇಲ್ಲ. ಟೆಸ್ಟ್ ರಿಪೋರ್ಟ್ ಬೇಡ, ಔಷಧಿ ಇಲ್ಲದೆ 24 ಗಂಟೆ ಜ್ವರ ಇರಬಾರದು. ರಿಜಿಸ್ಟರಿನಲ್ಲಿ ಒಂದು ಹೊಸ ಕಾಲಂ ಬಂತು: "ಬೆಳಗ್ಗೆ ಔಷಧಿ ಕೊಟ್ಟಿದ್ದರೆ, ಎಷ್ಟು ಗಂಟೆಗೆ". ಸಹಿ ಹಾಕುವಾಗ ಪ್ರತಿ ದಿನ ಕಣ್ಣಿಗೆ ಬೀಳುತ್ತಿತ್ತು. ಅದೇ ವರ್ಷ ಕೈ ಕಾಲು ಬಾಯಲ್ಲಿ ಗುಳ್ಳೆ ಬರುವ ಜ್ವರ ಮಕ್ಕಳಲ್ಲಿ ಓಡಾಡಿತು. ಮೊದಲ ಮಗುವಿನ ಅಮ್ಮ ಆರೂಮುಕ್ಕಾಲಿಗೆ ಗುಂಪಿನಲ್ಲೇ ಹಾಕಿಬಿಟ್ಟರು. ನಮ್ಮ ಕೋಣೆಯಲ್ಲಿ ಬಂದದ್ದು ಮೂರೇ ಮಕ್ಕಳಿಗೆ.

ಉಳಿದದ್ದು ಬೇಗ ಹೇಳುತ್ತೇನೆ. ಊಟ ಚೆನ್ನಾಗಿದೆ: ಅನ್ನ ಸಾರು, ಅವಲಕ್ಕಿ, ಮೊಸರನ್ನ. ಬಿಸ್ಕತ್ತು ಮಾತ್ರ ಜಾಸ್ತಿ. ಮಳೆ ಬಂದರೆ ಟಿವಿ ಹಾಕಿಬಿಡುತ್ತಾರೆ. ಸಿಸಿಟಿವಿ ವರ್ಷದಲ್ಲಿ ನಾಲ್ಕು ತಿಂಗಳು ಕೆಟ್ಟಿರುತ್ತೆ, ನನಗೆ ಅದು ಕೊನೆಕೊನೆಗೆ ಮುಖ್ಯ ಅನ್ನಿಸಲಿಲ್ಲ. ಆಯಾಗಳು ಬದಲಾಗಿಲ್ಲ, ನಾಲ್ಕೂವರೆ ವರ್ಷವೂ ಅವರೇ ಇಬ್ಬರು. ಮಗಳಿಗೆ ಬಿದ್ದು ಗಲ್ಲ ಒಡೆದಾಗ ನನಗೆ ಫೋನ್ ಮಾಡುವ ಮೊದಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಎರಡು ಹೊಲಿಗೆ. ದುಡ್ಡು ಕೇಳಲಿಲ್ಲ.

2024ರ ಮೇನಲ್ಲಿ ಬಿಡಿಸಿದೆವು, ಒಂದನೇ ಕ್ಲಾಸಿಗೆ ಸೇರಿಸಿದ್ದರಿಂದ. ಆಗ ಫೀಸ್ 7,000. ಬೆಳಗ್ಗೆ 8.30ರಿಂದ ಸಂಜೆ 6.30. ತಡವಾದರೆ ಅರ್ಧ ಗಂಟೆಗೆ 50 ರೂಪಾಯಿ, ಹತ್ತು ನಿಮಿಷ ತಡವಾದರೂ ಅಷ್ಟೇ.

ಒಂದು ಅಂಕ ಕಡಿದದ್ದು ಆ ಜನವರಿಗೆ. ಉಳಿದ ಅರ್ಧ ಶನಿವಾರಗಳಿಗೆ. ಮೊದಲನೇ, ಮೂರನೇ ಶನಿವಾರ ಬ್ಯಾಂಕಿಗೆ ಪೂರ್ತಿ ದಿನ, ಇವರಿಗೆ ಅರ್ಧ ದಿನ. ಒಂದು ಗಂಟೆಗೆ ಮಗುವನ್ನು ಯಾರು ಕರೆದುಕೊಂಡು ಬರಬೇಕು ಅಂತ ನಾಲ್ಕೂವರೆ ವರ್ಷ ಪ್ರತಿ ಶುಕ್ರವಾರ ರಾತ್ರಿ ನಮ್ಮ ಮನೆಯಲ್ಲಿ ಜಗಳ.